ಲಾವಂಚ ಮತ್ತು ಲಾನ್: ಎರಡು ಹುಲ್ಲುಗಳ ಚರಿತ್ರೆ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ಕಾಮಗಾರಿಗೆ, ಕಾರಂಜಿಗೆ ಹಾಗೂ ಕೈತೋಟಕ್ಕೆ ಬಳಸುವಂತಿಲ್ಲ. ಬಳಸಿದರೆ 5,000 ರೂಪಾಯಿ ದಂಡ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕೊಳವೆಬಾವಿಗಳು ಬತ್ತಿದ್ದವು. ಟ್ಯಾಂಕರ್ ಬರುವ ದಾರಿ ಕಾಯುತ್ತಾ ಜನ ಕೊಡ ಹಿಡಿದು ನಿಂತಿದ್ದರು. ಅಂತಹ ಹೊತ್ತಿನಲ್ಲಿ ಈ ಆದೇಶ ಸರಿಯೇ ಆಗಿತ್ತು. ಆದರೂ ವಾಹನ ತೊಳೆಯುವುದರ ಜೊತೆಗೆ ಕೈತೋಟದ ಹೆಸರೂ ಅದರಲ್ಲಿ ಸೇರಿದ್ದು ಗಿಡ ಬೆಳೆಸುವವರಿಗೆ ನೋವು ತಂದಿರಬೇಕು. ಮನೆಯಂಗಳದಲ್ಲಿ ಹಸಿರು ಇರಬೇಕೆಂದು ಬಯಸುವುದು ಆಡಂಬರವೇ?

ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಉತ್ತರಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಯಾವ ಹಸಿರು? ಎಲ್ಲ ಗಿಡಗಳೂ ಒಂದೇ ಪ್ರಮಾಣದಲ್ಲಿ ನೀರು ಕುಡಿಯುವುದಿಲ್ಲ. ತಿಂಗಳುಗಟ್ಟಲೆ ನೀರಿಲ್ಲದೆ ನಿಲ್ಲುವ ಹುಲ್ಲೂ ಇದೆ, ಎರಡು ದಿನ ನೀರು ತಪ್ಪಿದರೆ ಒಣಗುವ ಹುಲ್ಲುಹಾಸೂ ಇದೆ. ನಮ್ಮ ಮಧ್ಯಮ ವರ್ಗದ ಮನೆಗಳು, ಶಾಲೆಗಳು, ಆಸ್ಪತ್ರೆಗಳು, ಕಲ್ಯಾಣ ಮಂಟಪಗಳು ತಮ್ಮ ಅಂಗಳಕ್ಕೆ ಎರಡನೆಯದನ್ನೇ ಆರಿಸಿಕೊಂಡವು. ಇದು ಹೇಗಾಯಿತು ಎಂಬುದು ತೋಟಗಾರಿಕೆಯ ವಿಷಯ ಮಾತ್ರವಲ್ಲ, ಚರಿತ್ರೆಯ ವಿಷಯವೂ ಹೌದು.

ಮಳೆಯ ನಾಡಿನ ಹುಲ್ಲುಹಾಸು

ಲಾನ್ ಎಂಬ ಕಲ್ಪನೆ ಬೆಳೆದದ್ದು ಇಂಗ್ಲೆಂಡಿನಂತಹ ತಂಪು ದೇಶದ ಸಿರಿವಂತರ ಎಸ್ಟೇಟುಗಳಲ್ಲಿ. ಅಲ್ಲಿ ಹುಲ್ಲನ್ನು ಕುರಿಗಳು ಮೇಯ್ದು ಗಿಡ್ಡವಾಗಿಡುತ್ತಿದ್ದವು, ಇಲ್ಲವೇ ಆಳುಗಳು ಉದ್ದ ಹಿಡಿಯ ಕುಡುಗೋಲಿನಿಂದ ಕೊಯ್ಯುತ್ತಿದ್ದರು. ಕಾಳು ಬೆಳೆಯದ, ಹಣ್ಣು ಕೊಡದ ಅಷ್ಟು ದೊಡ್ಡ ಭೂಮಿಯನ್ನು ನೋಟಕ್ಕಾಗಿಯೇ ಬಿಟ್ಟುಕೊಳ್ಳುವುದು ಸಿರಿವಂತಿಕೆಯ ಘೋಷಣೆಯಾಗಿತ್ತು. 1830ರಲ್ಲಿ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ ಎಂಬ ಇಂಜಿನಿಯರ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ಎಳೆಗಳನ್ನು ಸಮನಾಗಿ ಕತ್ತರಿಸುವ ಯಂತ್ರವೇ ಅವನಿಗೆ ಸ್ಫೂರ್ತಿ. ಆ ಯಂತ್ರದಿಂದಾಗಿ ಲಾನ್ ದೊಡ್ಡ ಜಮೀನ್ದಾರರ ಕೈಯಿಂದ ಸಣ್ಣ ಮನೆಗಳ ಮುಂಭಾಗಕ್ಕೂ ಇಳಿದು ಬಂತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಲಂಡನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ನಮ್ಮ ವಿಜಯಪುರದ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನಲ್ಲಿ ಲಂಡನ್ನಿಗಿಂತ ಹೆಚ್ಚು ಮಳೆ ಬೀಳುತ್ತದೆ. ಹಾಗಿದ್ದೂ ಲಂಡನ್ನಿನ ಹುಲ್ಲು ಬಹುಪಾಲು ತಾನಾಗಿಯೇ ಹಸಿರಾಗಿರುತ್ತದೆ, ನಮ್ಮದು ಇರುವುದಿಲ್ಲ. ಕಾರಣ ಸರಳ. ಅಲ್ಲಿನ ಮಳೆ ಹನ್ನೆರಡು ತಿಂಗಳಿಗೂ ಹಂಚಿಹೋಗಿದೆ, ಬಿಸಿಲು ಎಳೆಯದು, ಮಣ್ಣಿನ ತೇವ ಬೇಗ ಆರುವುದಿಲ್ಲ. ನಮ್ಮ ಬಯಲುಸೀಮೆಯ ಮಳೆ ಕೆಲವೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಸೂರ್ಯ ಮಣ್ಣಿನ ತೇವವನ್ನು ಹೀರುತ್ತಿರುತ್ತಾನೆ. ಲಾನ್ ಇಂಗ್ಲೆಂಡಿನ ಹವೆ ಉಚಿತವಾಗಿ ಕೊಟ್ಟ ಉಡುಗೊರೆ. ನಾವು ಆ ಉಡುಗೊರೆಯನ್ನು ಕೊಳವೆಬಾವಿಯಿಂದ ಹಣ ಕೊಟ್ಟು ಕೊಳ್ಳುತ್ತಿದ್ದೇವೆ.

ಎಷ್ಟು ಕೊಡುತ್ತಿದ್ದೇವೆ? ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಹಾಕಿದರೆ ಅದು 1 ಮಿ.ಮೀ. ಮಳೆಗೆ ಸಮ. ಕಡು ಬೇಸಿಗೆಯಲ್ಲಿ ಹುಲ್ಲನ್ನು ಹಸಿರಾಗಿಡಲು ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಕೆಂದು ಹಿಡಿದರೂ 100 ಚದರ ಮೀಟರ್ ಲಾನಿಗೆ ದಿನಕ್ಕೆ 500 ಲೀಟರ್ ಬೇಕಾಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್, ಗ್ರಾಮೀಣ ಭಾರತದ ಒಬ್ಬ ವ್ಯಕ್ತಿಗೆ ದಿನವೊಂದಕ್ಕೆ ಗುರಿಯಾಗಿಟ್ಟುಕೊಂಡ ನೀರು 55 ಲೀಟರ್. ಅಂದರೆ ಒಂದು ಮಧ್ಯಮ ಗಾತ್ರದ ಲಾನು ಒಂಬತ್ತು ಮಂದಿಯ ಪಾಲನ್ನು ಕುಡಿಯುತ್ತದೆ. ಹುಲ್ಲಿನ ಬಣ್ಣ ಉಳಿಸುವ ಖರ್ಚು ಇದು.

ಹಾಗೆಂದು ಹುಲ್ಲನ್ನು ದೂರುವಂತಿಲ್ಲ. ನಮ್ಮಲ್ಲಿ ಲಾನಿಗೆ ಹೆಚ್ಚಾಗಿ ಬಳಸಿದ್ದು ನಮ್ಮದೇ ಗರಿಕೆಯನ್ನು. ಗರಿಕೆಯಂತಹ ಗಟ್ಟಿ ಜೀವ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿ ನೆಲದೊಳಗೆ ಅಡಗುತ್ತದೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಅದಕ್ಕೆ ಏಪ್ರಿಲ್ ತಿಂಗಳಲ್ಲಿ ಹಸಿರಾಗಿರಬೇಕೆಂಬ ಹಟವಿಲ್ಲ. ಆ ಹಟ ನಮ್ಮದು.

ಕಪಿಲೆಯ ತೋಟ

ಬೆಂಗಳೂರಿನಲ್ಲಿ ದಂಡುಪ್ರದೇಶ ಸ್ಥಾಪನೆಯಾದದ್ದು 1809ರಲ್ಲಿ. ಅಲ್ಲಿನ ಬಂಗಲೆಗಳ ವಿಶಾಲ ಕಾಂಪೌಂಡುಗಳೊಂದಿಗೆ ಇಂಗ್ಲಿಷ್ ತೋಟದ ಅಭಿರುಚಿಯೂ ಊರಿಗೆ ಬಂತು. ಅದಕ್ಕಿಂತ ಮೊದಲು ಇಲ್ಲಿನ ಅಲಂಕಾರದ ತೋಟ ಹೇಗಿತ್ತು? ಅದೃಷ್ಟವಶಾತ್ ನಮ್ಮಲ್ಲಿ ಒಬ್ಬ ಸಾಕ್ಷಿ ಇದ್ದಾನೆ.

ಹೈದರಲಿ 1760ರಲ್ಲಿ ಲಾಲ್‌ಬಾಗನ್ನು ಆರಂಭಿಸಿದ. ಬರಪೀಡಿತ ಸಿರಾದಲ್ಲಿದ್ದ ಮೊಘಲ್ ಮಾದರಿಯ ತೋಟ ಅವನಿಗೆ ಪ್ರೇರಣೆಯಾಗಿತ್ತೆಂದು ಹೇಳಲಾಗುತ್ತದೆ. ಟಿಪ್ಪು ಅದನ್ನು ಮುಂದುವರಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮರುವರ್ಷವೇ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪೆನಿ ಸರಕಾರದ ಪರವಾಗಿ ಮೈಸೂರು ಸೀಮೆಯ ಸಮೀಕ್ಷೆಗೆ ಬಂದ. ಬೆಂಗಳೂರಿನ ಈ ತೋಟಗಳನ್ನೂ ನೋಡಿ ಬರೆದಿಟ್ಟ.

ಅವನು ಕಂಡ ತೋಟದಲ್ಲಿ ನೆಲವನ್ನು ಚೌಕ ಚೌಕವಾಗಿ ವಿಂಗಡಿಸಲಾಗಿತ್ತು. ನಡುವೆ ಓಡಾಡುವ ದಾರಿಗಳು, ದಾರಿಯ ಬದಿಗೆ ಸೈಪ್ರೆಸ್ ಮರಗಳು. ಒಂದೊಂದು ಚೌಕದಲ್ಲಿ ಒಂದೊಂದೇ ಜಾತಿಯ ಗಿಡ; ಒಂದರ ತುಂಬ ಗುಲಾಬಿಯಾದರೆ ಇನ್ನೊಂದರ ತುಂಬ ದಾಳಿಂಬೆ. ಹೈದರನ ತೋಟಕ್ಕೆ ಮೂರು ಬಾವಿಗಳಿದ್ದವು. ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ ಚರ್ಮದ ಚೀಲದಲ್ಲಿ ನೀರು ಮೇಲೆ ಬರುವ ಕಪಿಲೆ ಅಲ್ಲಿ ಕೆಲಸ ಮಾಡುತ್ತಿತ್ತು. ಟಿಪ್ಪುವಿನ ತೋಟಕ್ಕೆ ಯಂತ್ರದ ನೆರವಿಲ್ಲದೆ ಕೆರೆಯಿಂದಲೇ ನೀರು ಹರಿಯುತ್ತಿತ್ತು. ಗಾರೆಯ ಕಾಲುವೆಗಳು ಅದರಲ್ಲಿ ಹೆಚ್ಚಾಗಿದ್ದವು. ಈ ಗಾರೆಕೆಲಸ ಬುಕನನ್‌ಗೆ ಅಷ್ಟಾಗಿ ಹಿಡಿಸಲಿಲ್ಲ. ಹೈದರನ ಅಭಿರುಚಿ ಮಗನಿಗಿಂತ ಇಂಗ್ಲಿಷರಿಗೆ ಹತ್ತಿರವಾಗಿತ್ತೆಂದು ಅವನು ಬರೆದ. ಈ ತೋಟಗಳ ಮುಖ್ಯ ಕೊರತೆ ನೀರು ಎಂದೂ ದಾಖಲಿಸಿದ.

ವಾಸ್ತವದಲ್ಲಿ ಬುಕನನ್ ಕೊರತೆಯೆಂದು ಕರೆದದ್ದೇ ಆ ತೋಟದ ವಿನ್ಯಾಸಕ್ಕೆ ಕಾರಣವಾಗಿತ್ತು. ಎತ್ತು ಎಳೆದು ತಂದ ಒಂದೊಂದು ಚೀಲ ನೀರಿಗೂ ಬೆಲೆಯಿರುವ ಕಡೆ ನೀರನ್ನು ಬಯಲಿಗೆ ಚೆಲ್ಲಲಾಗದು. ಗಾರೆಯ ಕಾಲುವೆ ನೀರನ್ನು ದಾರಿಯಲ್ಲೇ ಇಂಗಲು ಬಿಡದೆ ಗಿಡದ ಬುಡಕ್ಕೆ ಒಯ್ಯುತ್ತದೆ. ಗುಲಾಬಿಯ ಚೌಕ ಬೇರೆ, ದಾಳಿಂಬೆಯ ಚೌಕ ಬೇರೆ ಇದ್ದಾಗ ಹೆಚ್ಚು ನೀರು ಕೇಳುವ ಗಿಡಕ್ಕೆ ಹೆಚ್ಚು, ಕಡಿಮೆ ಸಾಕೆನ್ನುವ ಗಿಡಕ್ಕೆ ಕಡಿಮೆ ಬಿಡಬಹುದು. ಮೊದಲು ನೀರಿನ ಲೆಕ್ಕ, ಆಮೇಲೆ ಗಿಡದ ಆಯ್ಕೆ. ಇದು ಬಡತನದ ತೋಟವಲ್ಲ, ಸುಲ್ತಾನರ ತೋಟ.

ಗ್ರಾನಡಾದಿಂದ ಆಗ್ರಾದವರೆಗೆ

ಈ ಕ್ರಮ ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ. ಬಿಸಿಲು ಹೆಚ್ಚು, ನೀರು ಕಡಿಮೆಯಿರುವ ನಾಡುಗಳಲ್ಲಿ ಶತಮಾನಗಳಿಂದ ಬೆಳೆದು ಬಂದ ಜ್ಞಾನ ಇದು. ಅದರ ಬರಹದ ದಾಖಲೆ ಚೆನ್ನಾಗಿ ಉಳಿದಿರುವುದು ಮುಸ್ಲಿಮ್ ಸ್ಪೇನಿನಲ್ಲಿ. ಹನ್ನೊಂದನೆಯ ಶತಮಾನದಲ್ಲಿ ತೊಲೆದೋ ನಗರದ ಇಬ್ನ್ ಬಸ್ಸಾಲ್ ಕೃಷಿಯ ಬಗ್ಗೆ ಗ್ರಂಥ ಬರೆದಾಗ ಮಳೆಯ ನೀರು, ನದಿಯ ನೀರು, ಒರತೆಯ ನೀರು, ಬಾವಿಯ ನೀರು ಎಂದು ನೀರನ್ನು ನಾಲ್ಕಾಗಿ ವಿಂಗಡಿಸಿದ. ಹನ್ನೆರಡನೆಯ ಶತಮಾನದಲ್ಲಿ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ಸುಮಾರು 585 ಬಗೆಯ ಸಸ್ಯಗಳನ್ನು ವಿವರಿಸುವ ಬೃಹತ್ ಗ್ರಂಥವನ್ನೇ ರಚಿಸಿದ. ಸ್ಪ್ಯಾನಿಷ್ ಭಾಷೆಯಲ್ಲಿ ಇಂದಿಗೂ ನೀರಿನ ಕಾಲುವೆಗೆ ಅರಬಿ ಮೂಲದ ‘ಅಸೇಕಿಯಾ’ ಎಂಬ ಹೆಸರೇ ಇದೆ.

ಗ್ರಾನಡಾದ ಹೆನೆರಲಿಫೆ ಅರಮನೆಯ ತೋಟದಲ್ಲಿ 1958ರಲ್ಲಿ ಬೆಂಕಿ ಅನಾಹುತವಾಯಿತು. ಬಳಿಕ ಅಗೆದು ನೋಡಿದಾಗ ಮೂಲ ತೋಟದ ಮಣ್ಣು ನಡೆದಾಡುವ ದಾರಿಗಿಂತ ಬಹಳ ಕೆಳಗಿದ್ದುದು ಕಂಡುಬಂತು. ಪಾತಿಗಳು ತಗ್ಗಿನಲ್ಲಿದ್ದರೆ ಹಾಯಿಸಿದ ನೀರು ಹರಿದು ಹೋಗದು, ಗಿಡದ ಬುಡಕ್ಕೆ ನೆರಳೂ ಸಿಗುತ್ತದೆ. ದಾರಿಯಲ್ಲಿ ನಡೆಯುವವನಿಗೆ ಹೂವುಗಳು ಹಾಸಿದ ಜಮಖಾನದಂತೆ ಕಾಣುತ್ತವೆ. ನೀರಿನ ಉಳಿತಾಯವೂ ಕಣ್ಣಿನ ತಣಿವೂ ಒಂದೇ ಉಪಾಯದಿಂದ ಸಿದ್ಧಿಸಿದವು. ನಮ್ಮ ರೈತ ಗಿಡದ ಸುತ್ತ ಮಾಡುವ ಪಾತಿಯ ತತ್ವವೂ ಇದೇ ಅಲ್ಲವೇ?

1526ರಲ್ಲಿ ಭಾರತಕ್ಕೆ ಬಂದ ಬಾಬರ್‌ಗೆ ಇಲ್ಲಿ ಹರಿಯುವ ನೀರಿನ ತೋಟಗಳಿಲ್ಲದ್ದೇ ದೊಡ್ಡ ಕೊರಗಾಗಿತ್ತು. ಅವನು ಆಗ್ರಾದಲ್ಲಿ ಬಾವಿ ತೋಡಿಸಿ, ನೀರೆತ್ತುವ ಚಕ್ರ ಹೂಡಿಸಿ ತೋಟ ಮಾಡಿಸಿದ. ಅವನ ಸಂತತಿಯವರ ತೋಟಗಳಲ್ಲಿ ಹಣ್ಣಿನ ಮರ, ನೆರಳಿನ ಮರ, ಪರಿಮಳದ ಗಿಡಗಳು ತುಂಬಿದ್ದವು. ಇಂದು ತಾಜ್‌ಮಹಲಿನ ಮುಂದೆ ನಾವು ಕಾಣುವ ಸಮತಟ್ಟಾದ ಹುಲ್ಲುಹಾಸು ಶಹಜಹಾನನದಲ್ಲ. 1899ರಿಂದ 1905ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ಕಾಲದ ಜೀರ್ಣೋದ್ಧಾರದಲ್ಲಿ ತೋಟ ಇಂಗ್ಲಿಷ್ ಪಾರ್ಕಿನ ರೂಪ ಪಡೆಯಿತು. ಕಟ್ಟಡವನ್ನು ಕರ್ಜನ್ ಕಾಳಜಿಯಿಂದ ರಕ್ಷಿಸಿದ್ದು ನಿಜ. ಆದರೆ ಆ ಕಾಳಜಿಯ ಜೊತೆಗೇ ಒಂದು ಅಭಿರುಚಿಯೂ ಬಂದು ನೆಲೆಸಿತು. 1928-29ರಲ್ಲಿ ಲಟ್ಯನ್ಸ್ ವೈಸ್‌ರಾಯ್ ಭವನದಲ್ಲಿ ‘ಮೊಘಲ್ ಗಾರ್ಡನ್’ ನಿರ್ಮಿಸಿದಾಗ ಕಾಲುವೆಗಳು ಮೊಘಲರವು, ನಡುವಿನ ಹುಲ್ಲುಹಾಸು ಇಂಗ್ಲೆಂಡಿನದು. 2023ರಲ್ಲಿ ಅದರ ಹೆಸರು ಅಮೃತ ಉದ್ಯಾನ ಎಂದಾಯಿತು. ಹೆಸರು ಬದಲಾದರೂ ಹುಲ್ಲುಹಾಸು ಹಾಗೆಯೇ ಇದೆ.

ಹೀಗೆ ಒಂದು ಶತಮಾನದೊಳಗೆ ನಮ್ಮ ಕಣ್ಣು ಪಳಗಿತು. ಒಪ್ಪವಾಗಿ ಕತ್ತರಿಸಿದ ಹುಲ್ಲು ಕಂಡರೆ ನಾಗರಿಕತೆ, ಎತ್ತರಕ್ಕೆ ಬೆಳೆದ ಹುಲ್ಲು ಕಂಡರೆ ಪಾಳುಬಿದ್ದ ಜಾಗ ಎಂಬ ಭಾವನೆ ಬೇರೂರಿತು.

ಬೇರಿನಲ್ಲಿ ತಂಪು, ಬದುವಿನಲ್ಲಿ ಕಾವಲು

ಈ ಭಾವನೆಯಿಂದ ನಷ್ಟವಾದದ್ದು ಇನ್ನೊಂದು ಹುಲ್ಲಿಗೆ. ಅದೇ ಲಾವಂಚ. ಉರ್ದುವಿನಲ್ಲಿ ಖಸ್.

ಅಕ್ಬರನ ಆಡಳಿತದ ವಿವರಗಳನ್ನು ಬರೆದ ಅಬುಲ್ ಫಝಲ್ ಐನೆ ಅಕ್ಬರಿಯಲ್ಲಿ ಲಾವಂಚದ ಬೇರಿನಿಂದ ಮಾಡಿದ ತಟ್ಟಿಗಳ ಕೊಠಡಿಯನ್ನು ಪ್ರಸ್ತಾಪಿಸುತ್ತಾನೆ. ತಟ್ಟಿಗೆ ನೀರು ಚಿಮುಕಿಸಿದರೆ ಬೇಸಿಗೆಯ ಗಾಳಿ ತಂಪಾಗಿ, ಸುವಾಸನೆಯಿಂದ ಒಳಗೆ ಬರುತ್ತಿತ್ತು. ಅರಮನೆಯಿಂದ ಹಿಡಿದು ಸಾಮಾನ್ಯರ ಮನೆಯ ಕಿಟಕಿಯವರೆಗೂ ಈ ಪದ್ಧತಿ ಹರಡಿತು. ಅತ್ತರಿನ ಅಂಗಡಿಗಳಲ್ಲಿ ಖಸ್ ಇಂದಿಗೂ ಬೇಡಿಕೆಯ ವಸ್ತು.

ಆದರೆ ಲಾವಂಚದ ಇನ್ನೊಂದು ಉಪಯೋಗವನ್ನು ಕಂಡುಕೊಂಡವರು ನಮ್ಮ ಕರ್ನಾಟಕದ ರೈತರು. ಗುಂಡ್ಲುಪೇಟೆಯ ಸುತ್ತಮುತ್ತ ಶತಮಾನಕ್ಕೂ ಹೆಚ್ಚು ಕಾಲದಿಂದ ಹೊಲದ ಎಲ್ಲೆಗಳಲ್ಲಿ ಲಾವಂಚವನ್ನು ಬೇಲಿಯಂತೆ ಸಾಲಾಗಿ ನೆಡುತ್ತಾ ಬಂದಿದ್ದರು. ಎಲ್ಲೆಗೆ ಗುರುತಾಯಿತು, ಮಳೆನೀರಿನೊಂದಿಗೆ ಮಣ್ಣು ಕೊಚ್ಚಿಹೋಗುವುದು ನಿಂತಿತು, ಎಳೆಯ ಗರಿ ದನಗಳಿಗೆ ಮೇವಾಯಿತು. 1980ರ ದಶಕದ ನಡುಭಾಗದಲ್ಲಿ ವಿಶ್ವಬ್ಯಾಂಕಿನ ಪರವಾಗಿ ಭಾರತದಲ್ಲಿ ಮಣ್ಣಿನ ಸವಕಳಿ ತಡೆಯುವ ಕೆಲಸ ಮಾಡುತ್ತಿದ್ದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಲಾವಂಚವನ್ನು ಪ್ರಚಾರ ಮಾಡಲು ಹೊರಟರು. ಗ್ರೀನ್‌ಫೀಲ್ಡ್ 1950ರ ದಶಕದಲ್ಲಿ ಫಿಜಿಯ ಕಬ್ಬಿನ ತೋಟಗಳಲ್ಲಿ ಇದನ್ನು ಬಳಸಿ ನೋಡಿದ್ದವರು. ಅವರು ಹೊಸ ತಂತ್ರವೆಂದು ತಂದದ್ದು ಗುಂಡ್ಲುಪೇಟೆಯ ಬದುಗಳಲ್ಲಿ ಆಗಲೇ ನಿಂತಿತ್ತು! 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಲಾವಂಚದ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿ ಅದರಲ್ಲಿ ಈ ರೈತರ ಅನುಭವವನ್ನು ದಾಖಲಿಸಿತು.

ಅರಮನೆಗೆ ಬೇಕಾದದ್ದು ಕಿತ್ತ ಬೇರು, ರೈತನಿಗೆ ಬೇಕಾದದ್ದು ಮಣ್ಣಿನಲ್ಲೇ ಉಳಿದ ಬೇರು. ಮನೆಯ ತೋಟಕ್ಕೆ ರೈತನ ದಾರಿಯೇ ಸರಿ. ಅನುಕೂಲಕರ ಮಣ್ಣಿನಲ್ಲಿ ಲಾವಂಚದ ಬೇರು ಮೂರು ಮೀಟರಿನಷ್ಟು ನೇರವಾಗಿ ಕೆಳಗಿಳಿಯುತ್ತದೆ. ಹಾಗಾಗಿ ಮೇಲ್ಮಣ್ಣು ಒಣಗಿದರೂ ಅದು ಬದುಕುತ್ತದೆ, ಪಕ್ಕದ ಗಿಡದ ಜಾಗವನ್ನು ಕಬಳಿಸುವುದೂ ಇಲ್ಲ. ದಕ್ಷಿಣ ಭಾರತದ ತಳಿ ಮೊಳೆಯುವ ಬೀಜ ಬಿಡುವುದಿಲ್ಲವೆನ್ನಬಹುದು. ಬುಡವನ್ನು ಸೀಳಿ ನೆಟ್ಟರೆ ಮಾತ್ರ ಹೆಚ್ಚುತ್ತದೆ. ಎದೆಯೆತ್ತರಕ್ಕೆ ಚಿಲುಮೆಯಂತೆ ಚಿಮ್ಮಿ ಬಾಗುವ ಅದರ ಗರಿಗಳ ಚೆಲುವನ್ನು ಗಾಳಿ ಬೀಸುವಾಗ ನೋಡಬೇಕು.

ಲಾನಿನ ತವರಿನಲ್ಲೇ ಮರುಚಿಂತನೆ

ಎತ್ತರದ ಹುಲ್ಲಿನಲ್ಲಿ ಚೆಲುವಿದೆ ಎಂಬುದನ್ನು ಯುರೋಪು ಕೂಡ ನಿಧಾನವಾಗಿ ಕಲಿತುಕೊಂಡಿತು. ಜರ್ಮನಿಯ ಪಾಟ್ಸ್‌ಡಾಮ್ ಬಳಿ ನರ್ಸರಿ ನಡೆಸುತ್ತಿದ್ದ ಕಾರ್ಲ್ ಫೋರ್ಸ್ಟರ್ (1874–1970) ಹುಲ್ಲುಗಳನ್ನು ಅಲಂಕಾರದ ಸಸ್ಯಗಳ ಸಾಲಿಗೆ ತಂದವರಲ್ಲಿ ಪ್ರಮುಖರು. 1957ರಲ್ಲಿ ಅವರು ಹುಲ್ಲು ಮತ್ತು ಜರೀಗಿಡಗಳು ತೋಟವನ್ನು ಪ್ರವೇಶಿಸಿದ ಬಗ್ಗೆ ಪುಸ್ತಕವನ್ನೇ ಬರೆದರು. ಅವರ ಹೆಸರಿನ ಹುಲ್ಲೊಂದು ಈಗ ಜಗತ್ತಿನ ಹಲವು ತೋಟಗಳಲ್ಲಿದೆ.

ಅಮೆರಿಕದ ಒಣ ಪ್ರದೇಶಗಳಿಗೆ ಪಾಠ ಕಲಿಸಿದ್ದು ಬರಗಾಲ. 1981ರಲ್ಲಿ ಡೆನ್ವರ್ ನಗರದ ಜಲ ಇಲಾಖೆ ‘ಝೆರಿಸ್ಕೇಪ್’ ಎಂಬ ಪದವನ್ನು ಟಂಕಿಸಿತು. ‘ಝೆರೋಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಒಣ ಎಂದರ್ಥ. ಮಣ್ಣನ್ನು ಸುಧಾರಿಸು, ಲಾನ್ ಕಡಿಮೆ ಮಾಡು, ನೀರಿನ ಅಗತ್ಯಕ್ಕೆ ತಕ್ಕಂತೆ ಗಿಡಗಳನ್ನು ಗುಂಪು ಮಾಡು, ನೆಲಕ್ಕೆ ಹೊದಿಕೆ ಹಾಕು ಎಂಬುವು ಅದರ ಮುಖ್ಯ ಸೂತ್ರಗಳಲ್ಲಿ ಸೇರಿವೆ. ಒಂದೊಂದು ಚೌಕಕ್ಕೆ ಒಂದೊಂದು ಗಿಡ ಎಂಬ ಲಾಲ್‌ಬಾಗಿನ ಹಳೆಯ ಪದ್ಧತಿಯನ್ನು ಇದು ನೆನಪಿಸುವುದಿಲ್ಲವೇ? ಮರುಭೂಮಿಯ ನಗರ ಲಾಸ್ ವೇಗಸ್‌ನಲ್ಲಿ ಜಲ ಪ್ರಾಧಿಕಾರವು ಲಾನ್ ಕಿತ್ತುಹಾಕುವ ಮನೆಗಳಿಗೆ ಹಣವನ್ನೇ ಕೊಡತೊಡಗಿತು. 2021ರಲ್ಲಿ ನೆವಾಡ ರಾಜ್ಯ ಇನ್ನೂ ಮುಂದೆ ಹೋಗಿ, ಆ ಪ್ರದೇಶದ ರಸ್ತೆಬದಿ, ಕಚೇರಿಗಳಲ್ಲಿ ಯಾರೂ ಕಾಲಿಡದ ಬರೀ ನೋಟದ ಹುಲ್ಲುಹಾಸಿಗೆ ಕೊಲೊರಾಡೋ ನದಿಯ ನೀರು ಹಾಯಿಸುವುದನ್ನು 2026ರ ಅಂತ್ಯದ ಬಳಿಕ ನಿಷೇಧಿಸುವ ಕಾನೂನು ಮಾಡಿತು.

ಒಂದು ಎಚ್ಚರಿಕೆ

ಹಾಗಾದರೆ ನೀರು ಕಡಿಮೆ ಕುಡಿಯುವ ಯಾವ ಗಿಡವಾದರೂ ಆದೀತೇ? ಚರಿತ್ರೆ ಇಲ್ಲಿಯೂ ಎಚ್ಚರಿಸುತ್ತದೆ. ಗುಂಡ್ಲುಪೇಟೆ ತಾಲೂಕಿನ ಬಂಡೀಪುರ ಕಾಡಿಗೆ ಹೋದವರು ಮರಗಳ ಕೆಳಗೆ ದಟ್ಟವಾಗಿ ಹಬ್ಬಿದ ಲಂಟಾನವನ್ನು ನೋಡಿರುತ್ತಾರೆ. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದದ್ದು ಹೂವಿನ ಅಂದಕ್ಕಾಗಿ. ಅದಕ್ಕೆ ನೀರು ಬೇಡ, ಆರೈಕೆ ಬೇಡ. ಹಕ್ಕಿಗಳು ಅದರ ಹಣ್ಣು ತಿಂದು ಬೀಜ ಹರಡಿದವು. ಜಿಂಕೆ, ಆನೆಗಳ ಮೇವಾದ ಹುಲ್ಲು ಬೆಳೆಯುವ ಜಾಗವನ್ನು ಅದು ಆಕ್ರಮಿಸಿತು. ಒಂದೇ ತಾಲೂಕಿನಲ್ಲಿ ಒಂದು ಗಿಡ ಹೊಲದ ಎಲ್ಲೆಯನ್ನು ಕಾಯುತ್ತಿದೆ, ಇನ್ನೊಂದು ಕಾಡಿನ ಎಲ್ಲೆಯನ್ನೇ ಮೀರಿದೆ!

ಅಲಂಕಾರದ ಹುಲ್ಲುಗಳಲ್ಲೂ ಇಂತಹವು ಇವೆ. ನರ್ಸರಿಗಳಲ್ಲಿ ಸಿಗುವ ಫೌಂಟನ್ ಗ್ರಾಸ್ ಉತ್ತರ ಆಫ್ರಿಕಾ ಕಡೆಯದು. ಅಲಂಕಾರಕ್ಕೆಂದು ಹವಾಯಿ ದ್ವೀಪಗಳಿಗೆ ಹೋದ ಅದು ಅಲ್ಲಿ ಬೆಟ್ಟಗಳಿಗೆ ಹಬ್ಬಿ, ಒಣಗಿದಾಗ ಬೆಂಕಿಗೆ ಆಹಾರವಾಗುತ್ತಿದೆ. ಪ್ಯಾಂಪಾಸ್ ಹುಲ್ಲು ಕ್ಯಾಲಿಫೋರ್ನಿಯ ಮತ್ತು ನ್ಯೂಝಿಲೆಂಡ್‌ಗಳಲ್ಲಿ ಕಳೆಯಾಗಿದೆ. ಆದ್ದರಿಂದ ಗಿಡ ಆರಿಸುವಾಗ ಎರಡು ಪ್ರಶ್ನೆಗಳನ್ನು ಕೇಳಬೇಕು. ಇದು ಎಷ್ಟು ನೀರು ಕುಡಿಯುತ್ತದೆ? ಇದು ನಮ್ಮ ಬೇಲಿ ದಾಟಿ ಹೋಗುತ್ತದೆಯೇ?

ನಮ್ಮ ಅಂಗಳಕ್ಕೆ

ಈ ಎರಡು ಪ್ರಶ್ನೆಗಳಲ್ಲಿ ಉತ್ತೀರ್ಣವಾಗುವ ಗಿಡಗಳಿಗೆ ನಮ್ಮಲ್ಲಿ ಬರವಿಲ್ಲ. ಎತ್ತರಕ್ಕೆ ಲಾವಂಚ, ಅದಕ್ಕಿಂತ ಗಿಡ್ಡಕ್ಕೆ ಮಜ್ಜಿಗೆ ಹುಲ್ಲು. ಮಜ್ಜಿಗೆ ಹುಲ್ಲಿನ ಗರಿ ಚಹಾಕ್ಕೂ ಕಷಾಯಕ್ಕೂ ಆಗುತ್ತದೆ. ಬೇಲಿಗೆ ಮದರಂಗಿ, ಬಿಸಿಲನ್ನು ಸಹಿಸುವ, ಕತ್ತರಿಸಿದಷ್ಟೂ ಚಿಗುರುವ, ಹೂಬಿಟ್ಟಾಗ ಅಂಗಳವೆಲ್ಲ ಘಮಘಮಿಸುವ ಈ ಗಿಡ ಒಂದು ಕಾಲದಲ್ಲಿ ಎಷ್ಟೋ ಮನೆಗಳ ಮುಂದಿತ್ತು. ಕೋನ್ ಮೆಹಂದಿ ಬಂದ ಮೇಲೆ ಅದನ್ನು ಮರೆತೆವು. ದಾಳಿಂಬೆ, ಕರಿಬೇವು, ಲೋಳೆಸರ, ನಂದಿಬಟ್ಟಲು ಬೇರೂರಿದ ಮೇಲೆ ಹೆಚ್ಚು ನೀರು ಕೇಳುವುದಿಲ್ಲ. ಕಣಗಿಲೆಯೂ ಹಾಗೆಯೇ, ಆದರೆ ಅದರ ಎಲ್ಲ ಭಾಗಗಳೂ ವಿಷಕಾರಿಯಾದ್ದರಿಂದ ಸಣ್ಣ ಮಕ್ಕಳಿರುವ ಮನೆಗೆ ಬೇಡ. ಗರಿಕೆ ಇದ್ದರೆ ಇರಲಿ, ಬೇಸಿಗೆಯಲ್ಲಿ ಅದು ಕಂದಾಗಲು ಬಿಡಿ.

ನೆಡಲು ಮಳೆಗಾಲದ ಆರಂಭವೇ ಸೂಕ್ತ. ಎಂತಹ ಗಟ್ಟಿ ಗಿಡಕ್ಕೂ ಮೊದಲ ವರ್ಷ ಬೇರು ಬಿಡಲು ನೀರು ಬೇಕು, ಆ ನೀರನ್ನು ಮಳೆಯೇ ಕೊಡಲಿ. ಹೆಚ್ಚು ನೀರು ಬೇಡುವ ಮಲ್ಲಿಗೆ, ಗುಲಾಬಿಗಳು ಬೇಕೆನಿಸಿದರೆ ಅವುಗಳನ್ನು ಬಚ್ಚಲು ನೀರು ಹರಿಯುವ ಕಡೆ ಒಟ್ಟಾಗಿ ಇಡಿ. ಬುಡಕ್ಕೆ ತಗ್ಗಿನ ಪಾತಿ, ಪಾತಿಗೆ ಒಣ ಎಲೆಯ ಹೊದಿಕೆ ಇರಲಿ. ಸಂಜೆಯ ಹೊತ್ತು ಪೈಪಿನಲ್ಲಿ ಎಲೆಗಳ ಮೇಲೆ ನೀರು ಎರಚುವುದಕ್ಕಿಂತ ಬೆಳಗ್ಗೆ ಒಂದು ಚೊಂಬು ನೀರು ಬುಡಕ್ಕೆ ಹಾಕುವುದು ಮೇಲು.

ಕರಾವಳಿಯವರು ಇದು ಬಯಲುಸೀಮೆಯ ಮಾತು ಎಂದುಕೊಳ್ಳಬಾರದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಹಾಗಿದ್ದೂ 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ನಗರಕ್ಕೆ ರೇಷನ್ ಮಾಡಬೇಕಾಯಿತು. ಮಳೆ ಎಷ್ಟು ಬಿತ್ತು ಎಂಬುದಕ್ಕಿಂತ ಮಳೆ ನಿಂತ ಮೇಲೆ ನಾವು ಎಷ್ಟು ಕೇಳುತ್ತೇವೆ ಎಂಬುದು ಮುಖ್ಯ.

ಅಂಗಳ ನಮ್ಮದು, ಗೋಡೆ ನಮ್ಮದು. ಆದರೆ ಅದರ ಅಡಿಯ ಅಂತರ್ಜಲ ಗೋಡೆಯನ್ನು ಲೆಕ್ಕಿಸುವುದಿಲ್ಲ. ನಮ್ಮ ಕೊಳವೆಬಾವಿ ಎಳೆದ ನೀರು ಪಕ್ಕದ ಮನೆಯ ತೆರೆದ ಬಾವಿಯಲ್ಲಿ ಇಳಿಯುತ್ತದೆ. ಆ ಬಾವಿಯಿಂದ ಹಗ್ಗ ಎಳೆಯುವವರು ನಮ್ಮ ಲಾನನ್ನು ಎಂದೂ ನೋಡಿಲ್ಲದಿರಬಹುದು. ಕಪಿಲೆಯ ಕಾಲದಲ್ಲಿ ನೀರಿಗೆ ಎತ್ತಿನ ಬೆವರಿನ ಮಿತಿಯಿತ್ತು. ಮೋಟಾರು ಆ ಮಿತಿಯನ್ನು ತೆಗೆದುಹಾಕಿದೆ. ಇನ್ನು ಮುಂದೆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ದಂಡದ ಆದೇಶ ಬರುವವರೆಗೆ ಅದಕ್ಕಾಗಿ ಕಾಯಬೇಕಿಲ್ಲ. ಈ ಮಳೆಗಾಲದಲ್ಲಿ ಲಾನಿನ ಒಂದು ಮೂಲೆಯನ್ನು ಅಗೆದು ನಾಲ್ಕು ಬುಡ ಲಾವಂಚ ನೆಟ್ಟರೆ ಆರಂಭವಾದಂತೆ.